ಹಾವು ಕಚ್ಚಿದಾಗ ರೆಪ್ಪೆ ಬೀಳುವುದೇಕೆ, ಉಸಿರು ನಿಲ್ಲುವುದೇಕೆ? ನರವಿಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಪಟ್ಟಿಯವರಿಗೂ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರಿಗೂ ಉಪಯೋಗಕ್ಕೆ ಬರಲೆಂದು ಬರೆದದ್ದು ಇದು. ಈಗಷ್ಟೇ ಯಾರಿಗಾದರೂ ಹಾವು ಕಚ್ಚಿದ್ದರೆ ಓದುತ್ತ ಕೂರಬೇಡಿ. ಅವರನ್ನು ನಡೆಸಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿದರೂ ನಡೆದೀತು.

ಎಲ್ಲ ಹಾವಿನ ವಿಷವೂ ನರಕ್ಕೇ ಹೋಗುತ್ತದೆಯೇ?

ಇಲ್ಲ. ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ನಾಗರಹಾವಿನದ್ದು ನರಕ್ಕೂ ಹೌದು, ಕಚ್ಚಿದ ಜಾಗದ ಮಾಂಸಕ್ಕೂ ಹೌದು: ಊದಿಕೊಳ್ಳುತ್ತದೆ, ಕಪ್ಪಾಗುತ್ತದೆ, ಕೊಳೆಯುತ್ತದೆ. ಕೆಲವೆಡೆ ಕಡಂಬಳ ಎಂದೂ ಕರೆಯುವ ಕಟ್ಟುಹಾವಿನ ವಿಷ ಹೆಚ್ಚುಕಡಿಮೆ ಪೂರ್ತಿ ನರದ್ದೇ. ಕಡಲ ಹಾವಿನದ್ದು ನರ ಮತ್ತು ಸ್ನಾಯು ಎರಡಕ್ಕೂ ತಾಗುತ್ತದೆ. ದಕ್ಷಿಣ ಭಾರತದ ಕೊಳಕುಮಂಡಲ ಕಚ್ಚಿದ ಕೆಲವರಲ್ಲೂ ರೆಪ್ಪೆ ಇಳಿಬೀಳುವುದುಂಟು. ಹಾಗಾಗಿ ಲಕ್ಷಣ ಒಂದನ್ನೇ ನೋಡಿ ಇಂಥದ್ದೇ ಹಾವು ಎಂದು ಮನೆಯಲ್ಲಿ ತೀರ್ಮಾನಿಸುವುದು ಬೇಡ.

ಆರೋಗ್ಯವಾಗಿರುವಾಗ ನರದಿಂದ ಸ್ನಾಯುವಿಗೆ ಆಜ್ಞೆ ಮುಟ್ಟುವುದು ಹೇಗೆ?

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ನರಕೋಶದ ಒಳಗೂ ಹೊರಗೂ ವಿದ್ಯುತ್ತಿನ ಸಣ್ಣ ವ್ಯತ್ಯಾಸ ಇರುತ್ತದೆ. ಸುಮ್ಮನಿರುವಾಗ ಒಳಭಾಗ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಮಿದುಳಿನಿಂದ ಆಜ್ಞೆ ಹೊರಟಾಗ ನರದ ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ಒಂದಾದ ಮೇಲೊಂದು ತೆರೆದುಕೊಂಡು ವಿದ್ಯುತ್ ಅಲೆಯನ್ನು ತುದಿಯವರೆಗೆ ಸಾಗಿಸುತ್ತವೆ.

ಆದರೆ ನರ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 50 ನ್ಯಾನೋಮೀಟರ್ ಸಂದು ಇದೆ. ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ವಿದ್ಯುತ್ತು ಈ ಸಂದನ್ನು ದಾಟುವುದಿಲ್ಲ, ರಾಸಾಯನಿಕ ದಾಟಬೇಕು. ಅಲೆ ನರದ ತುದಿಗೆ ಬಂದಾಗ ಅಲ್ಲಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೂಡಲೇ ಅಸಿಟೈಲ್‌ಕೋಲಿನ್ ತುಂಬಿದ ಪುಟ್ಟ ಕೋಶಿಕೆಗಳು ಒಡೆದು ಸಂದಿಗೆ ಸುರಿಯುತ್ತವೆ. ಒಂದೊಂದು ಕೋಶಿಕೆಯಲ್ಲೂ ಸಾವಿರಾರು ಅಣುಗಳು. ಎದುರು ದಡದಲ್ಲಿ, ಸ್ನಾಯುವಿನ ಮೈಮೇಲೆ, ಅದನ್ನು ಹಿಡಿಯುವ ಗ್ರಾಹಕಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದು ಗ್ರಾಹಕಕ್ಕೆ ಎರಡು ಅಣು ಕೂತರೆ ಅದು ತೆರೆಯುತ್ತದೆ, ಸ್ನಾಯು ಕುಗ್ಗುತ್ತದೆ. ಕೆಲಸ ಮುಗಿದ ಅಣುವನ್ನು ಅಲ್ಲೇ ಇರುವ ಕಿಣ್ವವೊಂದು ಮಿಲಿಸೆಕೆಂಡುಗಳಲ್ಲಿ ಒಡೆದು ಹಾಕುತ್ತದೆ. ಈ ಕಿಣ್ವದ ಮಾತು ಚಿಕಿತ್ಸೆಯ ಭಾಗದಲ್ಲಿ ಮತ್ತೆ ಬರುತ್ತದೆ.

ನಾಗರಹಾವಿನ ವಿಷ ಇದರಲ್ಲಿ ಯಾವುದನ್ನು ತಡೆಯುತ್ತದೆ?

ಎದುರು ದಡವನ್ನು. ಸುಮಾರು 60ರಿಂದ 75 ಅಮೈನೋ ಆಮ್ಲಗಳ ಒಂದು ಚಿಕ್ಕ ಪ್ರೋಟೀನು ಸ್ನಾಯುವಿನ ಗ್ರಾಹಕದ ಮೇಲೆ ಹೋಗಿ ಕೂರುತ್ತದೆ, ಬೀಗದೊಳಗೆ ಮುರಿದು ಸಿಕ್ಕಿಕೊಂಡ ಕೀಲಿಯ ಹಾಗೆ. ಬೀಗ ತೆರೆಯುವುದೂ ಇಲ್ಲ, ಸರಿಯಾದ ಕೀಲಿ ಹೋಗಲು ಜಾಗವೂ ಇಲ್ಲ. ನರ ಸರಿಯಾಗಿದೆ, ರಾಸಾಯನಿಕ ಸುರಿಯುತ್ತಿದೆ, ಸ್ನಾಯುವೂ ಗಟ್ಟಿಯಾಗಿದೆ. ಆಜ್ಞೆ ಮಾತ್ರ ಮುಟ್ಟುವುದಿಲ್ಲ.

ಪ್ರಕೃತಿ ಇಲ್ಲಿ ಸಾಕಷ್ಟು ಮಿಗತೆ ಇಟ್ಟಿದೆ. ಗ್ರಾಹಕಗಳಲ್ಲಿ ಮುಕ್ಕಾಲು ಪಾಲಿನಷ್ಟು ಮುಚ್ಚಿಹೋಗುವವರೆಗೆ ನಿಶ್ಶಕ್ತಿ ಎದ್ದು ಕಾಣುವುದಿಲ್ಲ. ಅದಾದ ಮೇಲೆ ಇನ್ನು ಸ್ವಲ್ಪವೇ ಮುಚ್ಚಿದರೂ ಇಳಿತ ಬಹಳ ಬೇಗ. ‘ಅರ್ಧ ತಾಸು ಆಯ್ತು, ಮಾತಾಡ್ತಾ ಕೂತಿದ್ರು, ಏನೂ ಇರ್ಲಿಲ್ಲ’ ಎನ್ನುವವರ ಮಾತು ಸುಳ್ಳಲ್ಲ. ಆ ಅರ್ಧ ತಾಸಿನಲ್ಲಿ ಮಿಗತೆ ಖರ್ಚಾಗುತ್ತಿತ್ತು, ಅಷ್ಟೇ.

ಹಾಗಾದರೆ ಕಟ್ಟುಹಾವಿನದ್ದು ಬೇರೆಯೇ?

ಬೇರೆ, ಮತ್ತು ಹೆಚ್ಚು ಕಷ್ಟದ್ದು. ಅದರ ವಿಷದಲ್ಲಿ ಗ್ರಾಹಕ ಮುಚ್ಚುವ ಪ್ರೋಟೀನೂ ಇದೆ. ಜೊತೆಗೆ ನರದ ತುದಿಯನ್ನೇ ಹಾಳುಮಾಡುವ ಬೀಟಾ ಬಂಗರೋಟಾಕ್ಸಿನ್ ಜಾತಿಯ ವಿಷವೂ ಇದೆ. ಇದು ಪೊರೆಯ ಕೊಬ್ಬನ್ನು ಸೀಳುವ ಕಿಣ್ವ. ಮೊದಲು ನರದ ತುದಿಯಲ್ಲಿರುವ ಕೋಶಿಕೆಗಳೆಲ್ಲ ಖಾಲಿಯಾಗುತ್ತವೆ, ಆಮೇಲೆ ತುದಿಯೇ ಕಳಚಿಹೋಗುತ್ತದೆ. ಒಮ್ಮೆ ತುದಿ ಹೋಯಿತೆಂದರೆ ಯಾವ ಚುಚ್ಚುಮದ್ದೂ ಅದನ್ನು ಹಿಂದಕ್ಕೆ ತರಲಾರದು. ನರ ಹೊಸ ತುದಿಯನ್ನು ಬೆಳೆಸಿಕೊಳ್ಳಬೇಕು. ಬೆಳೆಸಿಕೊಳ್ಳುತ್ತದೆ ಕೂಡ, ಆದರೆ ಅದಕ್ಕೆ ದಿನಗಳು ಬೇಕು, ಕೆಲವೊಮ್ಮೆ ವಾರಗಳು. ಆ ದಿನಗಳನ್ನು ರೋಗಿಗೆ ಗಳಿಸಿಕೊಡುವುದೇ ಚಿಕಿತ್ಸೆಯ ತಿರುಳು.

ಈ ವಿಷಗಳನ್ನು ಮೊದಲು ಬೇರ್ಪಡಿಸಿದ್ದು ತೈವಾನಿನ ವಿಜ್ಞಾನಿಗಳಾದ ಚಾಂಗ್ ಮತ್ತು ಲೀ, 1963ರಲ್ಲಿ, ಅಲ್ಲಿನ ಪಟ್ಟೆ ಕಟ್ಟುಹಾವಿನ ವಿಷದಿಂದ. ಗ್ರಾಹಕವನ್ನು ಬಿಗಿಯಾಗಿ ಹಿಡಿಯುವ ಆಲ್ಫಾ ಬಂಗರೋಟಾಕ್ಸಿನ್ ಸಿಕ್ಕ ಮೇಲೆಯೇ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಪ್ರತ್ಯೇಕಿಸಿ ನೋಡುವುದು ಸಾಧ್ಯವಾಯಿತು.

ಮುಂಗುಸಿಗೆ ಯಾಕೆ ಏನೂ ಆಗುವುದಿಲ್ಲ? ಅದು ಯಾವುದೋ ಬೇರು ತಿನ್ನುತ್ತದಂತೆ?

ಬೇರಿನ ಮಾತು ನಂಬಿಕೆ ಮಾತ್ರ. ಮುಂಗುಸಿಯ ಸ್ನಾಯುವಿನ ಗ್ರಾಹಕದಲ್ಲಿ ವಿಷ ಹಿಡಿದುಕೊಳ್ಳಬೇಕಾದ ಜಾಗದ ಅಮೈನೋ ಆಮ್ಲಗಳೇ ಬೇರೆ. ನಾಗರಹಾವಿನ ಗ್ರಾಹಕವೂ ಹೀಗೆಯೇ ಬದಲಾಗಿದೆ. ಆ ಬದಲಾವಣೆ ಹುಟ್ಟಿನಿಂದ ಬಂದದ್ದು, ಬೇರು ಅರೆದು ಕುಡಿಸಿ ಮನುಷ್ಯರಿಗೆ ಕೊಡಲು ಬರುವಂಥದ್ದಲ್ಲ.

ಮೊದಲು ರೆಪ್ಪೆಯೇ ಯಾಕೆ ಬೀಳುತ್ತದೆ?

ಕಣ್ಣಿನ ಸುತ್ತಲ ಸ್ನಾಯುಗಳು ಎಚ್ಚರವಿರುವಷ್ಟು ಹೊತ್ತೂ ಬಿಡುವಿಲ್ಲದೆ ಕೆಲಸ ಮಾಡುತ್ತವೆ, ಮತ್ತು ಅವುಗಳಲ್ಲಿ ಮೇಲೆ ಹೇಳಿದ ಮಿಗತೆ ಕಡಿಮೆ. ಹಾಗಾಗಿ ಮೊದಲು ಸೋಲುವವು ಅವೇ. ಸಾಮಾನ್ಯವಾಗಿ ಸ್ನಾಯುಗಳ ಸೋಲು ಮೇಲಿನಿಂದ ಇಳಿಯುವ ಕ್ರಮ ಹೀಗೆ: ರೆಪ್ಪೆ ಜೋತು ಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ದವಡೆ ಭಾರವಾಗುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗದೆ ಬಾಯಿಯ ಬದಿಯಿಂದ ಹರಿಯುತ್ತದೆ, ಮಲಗಿದಲ್ಲಿಂದ ಕುತ್ತಿಗೆ ಎತ್ತಲಾಗುವುದಿಲ್ಲ. ಅದರ ಬೆನ್ನಿಗೇ ಪಕ್ಕೆಲುಬಿನ ಸ್ನಾಯುಗಳು ಮತ್ತು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು. ಸಾವು ಬರುವುದು ಈ ಕಡೆಯ ಹಂತದಲ್ಲಿ, ಉಸಿರಾಡುವ ಸ್ನಾಯುಗಳು ಕೈಕೊಟ್ಟಾಗ. ಹೃದಯ ಆಗಲೂ ಬಡಿಯುತ್ತಲೇ ಇರುತ್ತದೆ.

ಕುತ್ತಿಗೆ ಎತ್ತಲಾಗದಿರುವುದನ್ನು ಮನೆಯವರು ‘ಸುಸ್ತು’ ಎಂದುಕೊಳ್ಳುತ್ತಾರೆ. ಅದು ಸುಸ್ತಲ್ಲ, ಉಸಿರು ಸೋಲುವ ಮುನ್ಸೂಚನೆ.

ಲಕ್ವ ಹೊಡೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಲಕ್ವದಲ್ಲಿ ತೊಂದರೆ ಮಿದುಳಿನದ್ದು, ಸಾಮಾನ್ಯವಾಗಿ ಮೈಯ ಒಂದು ಬದಿಗೆ ಬರುತ್ತದೆ. ಹಾವಿನ ನರವಿಷದಲ್ಲಿ ಎರಡೂ ಬದಿ ಸಮನಾಗಿ ಸೋಲುತ್ತವೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮುಟ್ಟಿದರೆ ತಿಳಿಯುತ್ತದೆ, ನೋವು ತಿಳಿಯುತ್ತದೆ, ಬುದ್ಧಿ ಪೂರ್ತಿ ಸರಿ ಇರುತ್ತದೆ. ರಾತ್ರಿ ಆರೋಗ್ಯವಾಗಿ ಮಲಗಿದ ಯುವಕ ಬೆಳಗ್ಗೆ ಎರಡೂ ರೆಪ್ಪೆ ಎತ್ತಲಾಗದೆ ಎದ್ದರೆ ಮೈಮೇಲೆ ಗುರುತು ಕಾಣದಿದ್ದರೂ ಕಟ್ಟುಹಾವನ್ನೇ ಮೊದಲು ಅನುಮಾನಿಸಬೇಕು.

ಕಚ್ಚಿದ ಗುರುತೇ ಇಲ್ಲ, ಹೊಟ್ಟೆನೋವು ಮಾತ್ರ ಇದೆ. ಅದೂ ಹಾವೇ?

ಆಗಬಹುದು. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಹಾಸಿಗೆಗೆ ಇಲಿಯನ್ನೋ ಹಲ್ಲಿಯನ್ನೋ ಅರಸಿ ಬರುತ್ತದೆ, ಮಗ್ಗುಲು ಬದಲಿಸುವಾಗ ಕೈಯೋ ಕಾಲೋ ಮೇಲೆ ಬಿದ್ದರೆ ಕಚ್ಚುತ್ತದೆ. ಹಲ್ಲು ಚಿಕ್ಕದು. ನೋವು ಇಲ್ಲವೆನ್ನುವಷ್ಟು ಕಡಿಮೆ, ಊತ ಇಲ್ಲ. ಎಷ್ಟೋ ಜನರಿಗೆ ಎಚ್ಚರವೇ ಆಗುವುದಿಲ್ಲ, ಎಚ್ಚರವಾದವರೂ ಸೊಳ್ಳೆಯೋ ಇರುವೆಯೋ ಎಂದು ಕೊಡವಿ ಮಲಗುತ್ತಾರೆ. ಕೆಲವು ತಾಸುಗಳ ಮೇಲೆ ಹೊಟ್ಟೆಯಲ್ಲಿ ಹಿಂಡುವಂಥ ನೋವು, ವಾಂತಿ, ಗಂಟಲು ಕಟ್ಟಿದಂತೆ. ಗ್ಯಾಸ್ ಎಂದು ಸೋಡಾ ಕುಡಿಸಿ, ಕಷಾಯ ಕೊಟ್ಟು ಹೊತ್ತು ಕಳೆಯುವುದು ಇಲ್ಲೇ. ನುಂಗಲು ಬಾರದವರ ಬಾಯಿಗೆ ಕಷಾಯ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ನಡುರಾತ್ರಿ ಅಥವಾ ನಸುಕಿನಲ್ಲಿ ಹೊಟ್ಟೆನೋವು ಬಂದವರಿಗೆ ಒಂದು ನಿಮಿಷದ ಪರೀಕ್ಷೆ ಮಾಡಿ. ಮುಖದ ಮೇಲೆ ಟಾರ್ಚ್ ನೇರ ಹಾಕದೆ, ಚಾವಣಿಯನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿರಲು ಹೇಳಿ. ಅರ್ಧ ನಿಮಿಷದೊಳಗೆ ರೆಪ್ಪೆ ತಾನಾಗಿ ಇಳಿಯತೊಡಗಿದರೆ ಆಸ್ಪತ್ರೆಗೆ ಹೊರಡಿ. ಇಳಿಯದಿದ್ದರೆ ವಿಷವಿಲ್ಲ ಎಂದು ಅರ್ಥವಲ್ಲ. ಅನುಮಾನ ಉಳಿದಿದ್ದರೂ ಹೊರಡುವುದೇ ಸರಿ.

ದಾರಿಯಲ್ಲಿ ಏನೇನು ನೋಡುತ್ತಿರಬೇಕು?

ಹತ್ತು ಹತ್ತು ನಿಮಿಷಕ್ಕೊಮ್ಮೆ ನಾಲ್ಕು ವಿಷಯ ನೋಡಿ, ಸಮಯದೊಂದಿಗೆ ಮೊಬೈಲಿನಲ್ಲಿ ಬರೆದಿಡಿ. ರೆಪ್ಪೆ ಕಣ್ಣಿನ ಕಪ್ಪನ್ನು ಎಷ್ಟು ಮುಚ್ಚಿದೆ. ನಾಲಿಗೆ ಹಲ್ಲಿನಾಚೆ ಬರುತ್ತದೆಯೇ. ತಲೆಯನ್ನು ದಿಂಬಿನಿಂದ ಎತ್ತಿ ಐದು ಸೆಕೆಂಡು ಹಿಡಿಯಬಲ್ಲರೇ. ಮತ್ತು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ. ದೀರ್ಘವಾಗಿ ಉಸಿರೆಳೆದುಕೊಂಡು, ಸೆಕೆಂಡಿಗೆ ಎರಡರಂತೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳಿ. ಆರೋಗ್ಯವಂತರು ಮೂವತ್ತು ದಾಟುತ್ತಾರೆ. ಇಪ್ಪತ್ತಕ್ಕೆ ಇಳಿದರೆ ಎಚ್ಚರ, ಹತ್ತರ ಹತ್ತಿರ ಬಂದರೆ ಉಸಿರಿಗೆ ಯಂತ್ರ ಬೇಕಾಗುವ ಹೊತ್ತು ಬಂದಿದೆ. ಒಂದು ಸಲದ ಎಣಿಕೆಗಿಂತ ಅದು ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಹೊರಡುವಾಗ 28, ದೇವಿಮನೆ ಘಟ್ಟ ಇಳಿಯುವಾಗ 19 ಎಂದು ಬರೆದ ಚೀಟಿ ವೈದ್ಯರ ಕೈಗೆ ಸಿಕ್ಕರೆ ಅವರು ಮೊದಲು ಉಸಿರಿನ ನಳಿಕೆಯನ್ನೇ ಸಿದ್ಧಮಾಡಿಕೊಳ್ಳುತ್ತಾರೆ.

ಪ್ರಥಮ ಚಿಕಿತ್ಸೆ ಹೇಗೆ ಮಾಡಬೇಕು?

ಉಂಗುರ, ಬಳೆ, ಗಡಿಯಾರ, ಕಾಲುಂಗುರ ಮೊದಲು ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಮಾಡುವಂತೆ ದಬ್ಬೆ ಇಟ್ಟು ಅಲುಗಾಡದ ಹಾಗೆ ಸಡಿಲವಾಗಿ ಸುತ್ತಿ. ಅಡಿಕೆ ದಬ್ಬೆ, ಕೊಡೆ, ಮಡಚಿದ ದಪ್ಪ ರಟ್ಟು, ಯಾವುದಾದರೂ ಆದೀತು. ಸುತ್ತಿದ ಬಟ್ಟೆಯೊಳಗೆ ಒಂದು ಬೆರಳು ತೂರಬೇಕು. ಈ ದಬ್ಬೆ ರಕ್ತ ನಿಲ್ಲಿಸುವುದಕ್ಕಲ್ಲ. ಸ್ನಾಯು ಅಲುಗಿದಷ್ಟೂ ವಿಷ ದುಗ್ಧನಾಳಗಳ ಮೂಲಕ ಬೇಗ ಮೇಲೇರುತ್ತದೆ, ಅದನ್ನು ನಿಧಾನ ಮಾಡುವುದಕ್ಕೆ.

ಎಡಮಗ್ಗುಲಾಗಿ ಮಲಗಿಸಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ, ಜೊಲ್ಲು ಹೊರಗೆ ಹರಿಯುತ್ತದೆ. ನೀರೂ ಬೇಡ, ಊಟವೂ ಬೇಡ. ಬೈಕಿನಲ್ಲೇ ಹೋಗಬೇಕಾದರೆ ನಡುವೆ ಕೂರಿಸಿ, ಹಿಂದಿನವರು ತಬ್ಬಿ ಹಿಡಿದು ತಲೆಯನ್ನು ಎದೆಗೆ ಆನಿಸಿಕೊಳ್ಳಲಿ. ಕುತ್ತಿಗೆ ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ.

ಉಸಿರು ನಿಂತೇ ಹೋದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಐದಾರು ಸೆಕೆಂಡಿಗೊಮ್ಮೆ ಬಾಯಿಯಿಂದ ಬಾಯಿಗೆ ಗಾಳಿ ಊದಿ. ಎದೆ ಮೇಲೇಳುವಷ್ಟು ಸಾಕು. ಹಾವಿನ ವಿಷ ಉಸಿರಿನ ಮೂಲಕ ನಿಮಗೆ ಬರುವುದಿಲ್ಲ. ಹೃದಯ ಇನ್ನೂ ಬಡಿಯುತ್ತಿರುವ ಆ ಹೊತ್ತಿನಲ್ಲಿ ಈ ಊದುವಿಕೆಯೊಂದೇ ಜೀವ ಹಿಡಿದಿಡಬಲ್ಲದು. ಆಂಬುಲೆನ್ಸ್‌ನಲ್ಲಿ ಅಂಬು ಬ್ಯಾಗ್ (ಒತ್ತಿ ಗಾಳಿ ಊದುವ ಚೀಲ) ಇದ್ದರೆ ಇದೇ ಕೆಲಸವನ್ನು ಗಂಟೆಗಟ್ಟಲೆ ಕೈಯಿಂದ ಮಾಡಬಹುದು.

ಬಿಗಿಯಾಗಿ ಕಟ್ಟಿದರೆ ವಿಷ ಮೇಲೇರುವುದಿಲ್ಲವಲ್ಲ?

ಕಟ್ಟಬೇಡಿ. ಬಿಗಿ ಕಟ್ಟು ರಕ್ತ ಹರಿಯುವುದನ್ನು ನಿಲ್ಲಿಸಿ ಕೈಕಾಲನ್ನೇ ಕೊಲ್ಲುತ್ತದೆ. ನಾಗರಹಾವಿನ ವಿಷ ಮೊದಲೇ ಮಾಂಸ ತಿನ್ನುವಂಥದ್ದು, ಅದನ್ನು ಒಂದೇ ಕಡೆ ತಡೆದಿಟ್ಟರೆ ಹಾನಿ ಇನ್ನೂ ಹೆಚ್ಚು. ಎರಡನೆಯ ಅಪಾಯ ಕಟ್ಟು ಬಿಚ್ಚುವಾಗಿನದು: ತಡೆದು ನಿಂತಿದ್ದ ವಿಷವೆಲ್ಲ ಒಮ್ಮೆಲೇ ನುಗ್ಗಿ, ನೋಡನೋಡುತ್ತಿದ್ದಂತೆ ಉಸಿರು ನಿಲ್ಲಬಹುದು. ಆದ್ದರಿಂದ ಯಾರಾದರೂ ಈಗಾಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಸರಕ್ಕನೆ ಬಿಚ್ಚಬೇಡಿ. ಆಸ್ಪತ್ರೆಯಲ್ಲಿ, ಪ್ರತಿವಿಷವೂ ಉಸಿರಿನ ಸಲಕರಣೆಯೂ ಕೈಗೆಟಕುವಂತಿರುವಾಗ, ವೈದ್ಯರು ಬಿಚ್ಚಲಿ.

ಕೊಯ್ಯುವುದು, ಚೀಪುವುದು, ಐಸ್ ಇಡುವುದು, ಕರೆಂಟ್ ಕೊಡುವುದು, ಕೋಳಿ ಕೂರಿಸುವುದು ಯಾವುದೂ ಸಂದಿನಲ್ಲಿ ಕೂತ ವಿಷವನ್ನು ಮುಟ್ಟುವುದಿಲ್ಲ.

ಊರಿನ ನಾಟಿ ವೈದ್ಯರ ಔಷಧದಿಂದ ಎಷ್ಟೋ ಜನ ಬದುಕಿದ್ದಾರಲ್ಲ?

ಬದುಕಿದವರಿದ್ದಾರೆ. ಹಾವು ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ, ಕಚ್ಚಿದ ಹಾವುಗಳಲ್ಲೂ ವಿಷವಿಲ್ಲದವೇ ಹೆಚ್ಚು. ಹಿರಿಯರ ಮೇಲಿನ ಗೌರವ ಬೇರೆ, ಸಮಯದ ಲೆಕ್ಕ ಬೇರೆ. ಕಟ್ಟುಹಾವಿನ ವಿಷ ನರದ ತುದಿಯೊಳಗೆ ಇಳಿಯುವ ಮುನ್ನ ಪ್ರತಿವಿಷ ಸಿಗಬೇಕು, ಆ ತಾಸುಗಳು ಬೇರೆಲ್ಲೂ ಕಳೆಯಬಾರದು. ಎಷ್ಟೋ ನಾಟಿ ವೈದ್ಯರು ಈಗ ತಾವೇ ‘ಮೊದಲು ಆಸ್ಪತ್ರೆಗೆ ಹೋಗಿ’ ಎಂದು ಕಳಿಸುತ್ತಾರೆ. ಅಂಥವರ ಮಾತು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುತ್ತದೆ.

ಶಿರಸಿಯವರು ನೇರ ಹುಬ್ಬಳ್ಳಿಗೆ, ಕಾರವಾರದವರು ನೇರ ಗೋವಾಕ್ಕೆ ಹೋಗುವುದು ಒಳ್ಳೆಯದಲ್ಲವೇ?

ನೇರ ಹೋಗುವುದು ತಪ್ಪು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ಕರಾವಳಿಯಿಂದ ಘಟ್ಟ ಹತ್ತಿ ಬರುವವರಿಗೆ ಅರಬೈಲ್ ಘಟ್ಟದಲ್ಲಿ ಲಾರಿ ಸಿಕ್ಕಿಕೊಂಡರೆ, ಮಳೆಗಾಲದಲ್ಲಿ ದೇವಿಮನೆಯಲ್ಲಿ ಮಣ್ಣು ಕುಸಿದರೆ ಎಷ್ಟು ಹೊತ್ತೆಂದು ಹೇಳಲಾಗದು. ಉಸಿರು ನಿಲ್ಲುವುದು ಬಹುಪಾಲು ದಾರಿಯಲ್ಲೇ. ಪ್ರತಿವಿಷ ಇರುವ ಅತ್ಯಂತ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಶುರುವಾಗಲಿ. ಕುತ್ತಿಗೆ ಸೋತಿದ್ದರೆ ಗಂಟಲಿಗೆ ನಳಿಕೆ ಹಾಕಿಸಿ, ಅಂಬು ಬ್ಯಾಗ್ ಒತ್ತಲು ಬಲ್ಲವರೊಬ್ಬರ ಜೊತೆ ಮುಂದಿನ ಪ್ರಯಾಣ ಹೊರಡಲಿ. ಹೊರಡುವ ಮುನ್ನ ಮುಂದಿನ ಆಸ್ಪತ್ರೆಗೆ ಕರೆ ಮಾಡಿ ವೆಂಟಿಲೇಟರ್ ಖಾಲಿ ಇದೆಯೇ ಎಂದು ಕೇಳಿಕೊಳ್ಳಿ.

ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ದೂರದಿಂದ ಒಂದು ಫೋಟೋ ಸಿಕ್ಕರೆ ಸಾಕು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನಮ್ಮಲ್ಲಿನ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿಸಿ ಮಾಡಿದ್ದು.

ಆಸ್ಪತ್ರೆಯಲ್ಲಿ ಎಷ್ಟು ಪ್ರತಿವಿಷ ಕೊಡುತ್ತಾರೆ? ಮಕ್ಕಳಿಗೆ ಅರ್ಧವೇ?

ಮಕ್ಕಳಿಗೂ ದೊಡ್ಡವರಷ್ಟೇ. ಹಾವು ಕಚ್ಚುವಾಗ ಮೈತೂಕ ನೋಡಿ ವಿಷ ಬಿಡುವುದಿಲ್ಲ, ಪ್ರತಿವಿಷ ಲೆಕ್ಕ ಹಾಕುವುದು ವಿಷದ ಪ್ರಮಾಣಕ್ಕೆ. ವಿಷವೇರಿದ ಲಕ್ಷಣ ಕಂಡರೆ ಸಾಮಾನ್ಯವಾಗಿ ಮೊದಲಿಗೆ 10 ವಾಯಲ್. ಪುಡಿಯ ರೂಪದ್ದಾದರೆ ಪ್ರತಿ ವಾಯಲನ್ನೂ 10 ಮಿಲಿಲೀಟರ್ ನೀರಿನಲ್ಲಿ ಕರಗಿಸಬೇಕು. ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು, ಇಲ್ಲದಿದ್ದರೆ ನೊರೆಯೆದ್ದು ಹೊತ್ತು ಹಿಡಿಯುತ್ತದೆ. ಅದನ್ನು ಸಲೈನಿಗೆ ಸೇರಿಸಿ ಒಂದು ತಾಸಿನಲ್ಲಿ ರಕ್ತನಾಳಕ್ಕೆ ಹನಿಸುತ್ತಾರೆ. ಕಚ್ಚಿದ ಜಾಗಕ್ಕೇ ಚುಚ್ಚುವುದಿಲ್ಲ. ನರವಿಷದಲ್ಲಿ ಒಂದೆರಡು ತಾಸಿನ ಮೇಲೂ ಸುಧಾರಿಸದಿದ್ದರೆ ಇನ್ನೊಂದು 10. ಒಟ್ಟು 20 ದಾಟಿಸಿದರೆ ಲಾಭವಿಲ್ಲ, ಏಕೆಂದರೆ ಪ್ರತಿವಿಷ ಹಿಡಿಯುವುದು ರಕ್ತದಲ್ಲಿ ತೇಲುತ್ತಿರುವ ವಿಷವನ್ನು. ನರದ ತುದಿಯೊಳಗೆ ಹೊಕ್ಕದ್ದು ಅದರ ಕೈಗೆ ಸಿಗುವುದಿಲ್ಲ.

ಇದು ಕುದುರೆಯ ರಕ್ತದಿಂದ ತೆಗೆದ ಔಷಧವಾದ್ದರಿಂದ ಕೆಲವರಿಗೆ ಅಲರ್ಜಿ ಬರುತ್ತದೆ: ಮೈತುಂಬ ದದ್ದು, ನಡುಕ, ಬಿಪಿ ಇಳಿಯುವುದು, ಉಬ್ಬಸ. ದೊಡ್ಡವರಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ತೊಡೆಯ ಸ್ನಾಯುವಿಗೆ ಕೊಟ್ಟು, ಹನಿ ನಿಲ್ಲಿಸಿ, ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡುತ್ತಾರೆ. ‘ಇವರಿಗೆ ಇಂಜೆಕ್ಷನ್ ಆಗಲ್ಲ’ ಎಂದು ಮನೆಯವರು ಅಲ್ಲಿಗೇ ಬಿಡಿಸಿಕೊಂಡು ಹೊರಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧ ಉಚಿತ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಸಾರಿದ್ದರಿಂದ ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಪ್ರಕರಣವೂ ವರದಿಯಾಗಬೇಕು.

ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೆಲವರಿಗೆ ತಕ್ಷಣ ಹಿಡಿಯುತ್ತದೆ, ಕೆಲವರಿಗೆ ಇಲ್ಲ. ಯಾಕೆ?

ಮೇಲೆ ಹೇಳಿದ ಕಿಣ್ವ ನೆನಪಿದೆಯಲ್ಲ? ನಿಯೋಸ್ಟಿಗ್ಮಿನ್ ಅದನ್ನು ತಡೆಯುತ್ತದೆ. ಅಸಿಟೈಲ್‌ಕೋಲಿನ್ ಬೇಗ ಒಡೆಯದೆ ಸಂದಿನಲ್ಲಿ ತುಂಬಿಕೊಂಡು, ಮುಚ್ಚದೆ ಉಳಿದ ಗ್ರಾಹಕಗಳನ್ನು ಹುಡುಕಿ ಕೂರುತ್ತದೆ. ನಾಗರಹಾವಿನ ವಿಷದಲ್ಲಿ ಇದರಿಂದ ಅರ್ಧ ತಾಸಿನೊಳಗೆ ರೆಪ್ಪೆ ಮೇಲೇಳುವುದನ್ನು ಕಣ್ಣಾರೆ ಕಾಣಬಹುದು. ಕಟ್ಟುಹಾವಿನ ವಿಷದಲ್ಲಿ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಬರುವುದೇ ನಿಂತಿದೆ, ಉಳಿಸಿಕೊಳ್ಳಲು ಏನೂ ಇಲ್ಲ. ಹಾಗಾಗಿ ಹಿಡಿಯುವುದಿಲ್ಲ. ದೊಡ್ಡವರಿಗೆ ಮೊದಲು 0.6 ಮಿಲಿಗ್ರಾಂ ಅಟ್ರೋಪಿನ್, ಆಮೇಲೆ 1.5 ಮಿಲಿಗ್ರಾಂ ನಿಯೋಸ್ಟಿಗ್ಮಿನ್. ಅಟ್ರೋಪಿನ್ ಇಲ್ಲದೆ ಕೊಟ್ಟರೆ ನಾಡಿ ಇಳಿಯುತ್ತದೆ, ಜೊಲ್ಲೂ ಕಫವೂ ಉಕ್ಕುತ್ತವೆ. ಒಂದು ತಾಸು ಹತ್ತು ಹತ್ತು ನಿಮಿಷಕ್ಕೆ ರೆಪ್ಪೆಯ ಅಂತರ ಅಳೆದು ಬರೆಯುತ್ತಾರೆ. ಏನೂ ಬದಲಾಗದಿದ್ದರೆ ಮತ್ತೆ ಮತ್ತೆ ಕೊಡುವುದಿಲ್ಲ.

ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುತ್ತಿದೆ. ಅಂದರೆ ಉಸಿರು ಸರಿ ಇದೆಯಲ್ಲವೇ?

ಈ ಅಂಕಿಯನ್ನು ನಂಬಿ ಕೂರಬೇಡಿ. ಇಲ್ಲಿ ಕಾಯಿಲೆ ಶ್ವಾಸಕೋಶದ್ದಲ್ಲ, ಗಾಳಿ ಎಳೆಯುವ ಸ್ನಾಯುವಿನದು. ಉಸಿರು ಮೇಲುಮೇಲಕ್ಕಾದಾಗ ಮೊದಲು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮ್ಲಜನಕ ಇಳಿಯುವುದು ಕೊನೆಗೆ. ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟಿದ್ದರಂತೂ ಅಂಕಿ ಇನ್ನೂ ಹೊತ್ತು ಚೆನ್ನಾಗಿಯೇ ಇರುತ್ತದೆ. ಎಣಿಕೆ ಹತ್ತಕ್ಕೆ ಇಳಿದವರಿಗೆ 97 ಇದ್ದರೂ ನಳಿಕೆ ಬೇಕು.

ವೆಂಟಿಲೇಟರ್ ಮೇಲಿದ್ದಾರೆ, ಕಣ್ಣಿನ ಪಾಪೆಯೂ ಅಲುಗುತ್ತಿಲ್ಲ. ಇನ್ನು ಆಸೆ ಇದೆಯೇ?

ಇದೆ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಡುವುದಾದರೆ ಇದನ್ನು ನೆನಪಿಡಿ. ಕಟ್ಟುಹಾವಿನ ತೀವ್ರ ವಿಷದಲ್ಲಿ ಪಾಪೆ ಅಗಲಗೊಂಡು ಬೆಳಕಿಗೂ ಕುಗ್ಗದೆ ನಿಲ್ಲಬಹುದು, ಚಿವುಟಿದರೆ ಕೈ ಅಲುಗದಿರಬಹುದು, ಮಂಡಿ ತಟ್ಟಿದರೆ ಕಾಲು ಜಿಗಿಯದಿರಬಹುದು. ಮಿದುಳು ಸತ್ತವರ ಚಿತ್ರವೇ ಇದು. ಆದರೆ ಮಿದುಳು ಎಚ್ಚರವಾಗಿಯೇ ಇರುತ್ತದೆ. ಸ್ನಾಯುಗಳು ಮಾತ್ರ ಉತ್ತರಿಸುತ್ತಿಲ್ಲ. ಹಾಸಿಗೆಯ ಪಕ್ಕದಲ್ಲಿ ಆಡಿದ ಮಾತು ಅವರಿಗೆ ಕೇಳಿಸುತ್ತದೆ, ಸೂಜಿ ಚುಚ್ಚಿದ್ದು ತಿಳಿಯುತ್ತದೆ. ವಿಷ ಇಳಿಯುವ ಮುನ್ನ ಇವರನ್ನು ಮಿದುಳು ಸತ್ತವರೆಂದು ತೀರ್ಮಾನಿಸುವುದಾಗಲಿ, ದುಡ್ಡಿನ ಅಂಜಿಕೆಗೋ ಹತಾಶೆಗೋ ಯಂತ್ರ ತೆಗೆಸುವುದಾಗಲಿ ಬದುಕುತ್ತಿದ್ದವರನ್ನು ಕಳೆದುಕೊಂಡಂತೆ.

ನರದ ತುದಿ ಮತ್ತೆ ಬೆಳೆಯಲು ಸಾಮಾನ್ಯವಾಗಿ ಎರಡು ದಿನದಿಂದ ಒಂದು ವಾರ, ಕೆಲವರಿಗೆ ಇನ್ನೂ ಹೆಚ್ಚು. ಮೊದಲು ಮರಳುವುದು ಹಲವೊಮ್ಮೆ ಬೆರಳ ತುದಿಯ ಸಣ್ಣ ಅಲುಗಾಟ ಅಥವಾ ಹುಬ್ಬಿನ ಸೆಳೆತ. ಅಲ್ಲಿಯವರೆಗೆ ಹೆಸರು ಹಿಡಿದು ಮಾತಾಡಿಸಿ, ಇದು ಯಾವ ದಿನ, ಯಾವ ಹೊತ್ತು, ಏನು ಮಾಡುತ್ತಿದ್ದೇವೆ ಎಂದು ಹೇಳಿ. ನೋವಿಗೂ ನಿದ್ದೆಗೂ ಔಷಧ ಕೊಡಲು ವೈದ್ಯರನ್ನು ಕೇಳಿ. ರೆಪ್ಪೆ ಮುಚ್ಚದ ಕಣ್ಣು ಒಣಗಿ ಹುಣ್ಣಾಗುತ್ತದೆ, ಹನಿ ಹಾಕಿ ಟೇಪಿನಿಂದ ಮುಚ್ಚಿಸಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ನಳಿಕೆಯ ಕಫ ತೆಗೆಸುತ್ತಿರಬೇಕು. ಇಂಥವರು ತೀರಿಕೊಂಡರೆ ಹಲವು ಸಲ ಕಾರಣ ವಿಷವಲ್ಲ, ಕಫ ಕಟ್ಟಿದ ನಳಿಕೆ, ನ್ಯುಮೋನಿಯಾ, ಅಥವಾ ರಾತ್ರಿ ಯಾರೂ ಗಮನಿಸದೆ ಕಳಚಿದ ಪೈಪು. ದಾಟಿ ಬಂದವರು ಪೂರ್ತಿ ಸರಿಯಾಗಿ ತೋಟಕ್ಕೆ ಮರಳುತ್ತಾರೆ.

ಬಲೆಯಲ್ಲಿ ಬರುವ ಕಡಲ ಹಾವಿಗೂ ಇದೇ ಇಂಜೆಕ್ಷನ್ನೇ?

ಅಲ್ಲ. ನಾಲ್ಕು ಹಾವಿನ ಪ್ರತಿವಿಷದಲ್ಲಿ ಕಡಲ ಹಾವು ಸೇರಿಲ್ಲ. ಬೈತಖೋಲ, ತದಡಿ, ಹೊನ್ನಾವರದ ದೋಣಿಗಳಲ್ಲಿ ಟ್ರಾಲ್ ಬಲೆ ಸುರಿದಾಗ, ದಡದಲ್ಲಿ ರಂಪಣಿ ಎಳೆದಾಗ ಮೀನಿನ ಜೊತೆ ಇವು ಬರುತ್ತವೆ. ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಬಾಲವೇ ಗುರುತು. ಕೊಕ್ಕಿನ ಮೂತಿಯ ಕಡಲ ಹಾವು ಅಳಿವೆಯೊಳಗೂ ನುಗ್ಗುತ್ತದೆ. ಕಚ್ಚಿದರೆ ಮುಳ್ಳು ತಾಗಿದಷ್ಟೇ ನೋವು, ಎಷ್ಟೋ ಸಲ ವಿಷವನ್ನೂ ಬಿಡುವುದಿಲ್ಲ. ವಿಷ ಬಿಟ್ಟರೆ ಕೆಲವೇ ತಾಸಿನಲ್ಲಿ ಮೈಕೈಯೆಲ್ಲ ಹಿಂಡುವ ನೋವು, ದವಡೆ ಬಿಗಿತ, ರೆಪ್ಪೆ ಬೀಳುವುದು. ಮೂತ್ರ ಕಡುಕಂದಾಗುತ್ತದೆ: ಸ್ನಾಯು ಕರಗಿ ಅದರ ಬಣ್ಣದ ಪ್ರೋಟೀನು ಮೂತ್ರಪಿಂಡದ ಮೂಲಕ ಹೊರಬರುತ್ತಿದೆ ಎಂದರ್ಥ. ಜೊತೆಗೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಆದ್ದರಿಂದ ಇಲ್ಲಿ ಉಸಿರಿನಷ್ಟೇ ಇಸಿಜಿ, ಮೂತ್ರದ ಬಣ್ಣ, ಸಾಕಷ್ಟು ಸಲೈನ್, ಬೇಕಾದರೆ ಡಯಾಲಿಸಿಸ್ ಮುಖ್ಯ. ಆಸ್ಪತ್ರೆಯಲ್ಲಿ ‘ಹಾವು ಕಚ್ಚಿತು’ ಎಂದಷ್ಟೇ ಹೇಳದೆ ‘ಕಡಲ ಹಾವು, ಬಲೆಯಲ್ಲಿತ್ತು’ ಎಂದು ಬಿಡಿಸಿ ಹೇಳಿ.

ಬಲೆ ಬಿಡಿಸುವಾಗ ಬರಿಗೈ ಹಾಕಬೇಡಿ. ಉದ್ದ ಕೋಲಿನಿಂದ ಎತ್ತಿ ನೀರಿಗೆ ಬಿಡಿ. ಸತ್ತಂತಿರುವ ಹಾವೂ ಕಚ್ಚಬಲ್ಲದು.

ಕಾಳಿಂಗ?

ಘಟ್ಟದಲ್ಲಿ ಕಾಳಿಂಗ ಸರ್ಪ ಬೇಕಾದಷ್ಟಿದ್ದರೂ ಕಚ್ಚುವುದು ತೀರ ಅಪರೂಪ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು 2024ರಲ್ಲಿ ಗುರುತಿಸಿ, ಕನ್ನಡದ ಹೆಸರನ್ನೇ ವೈಜ್ಞಾನಿಕ ಹೆಸರಿನಲ್ಲಿ ಉಳಿಸಿದ್ದಾರೆ. ನಮ್ಮ ಪ್ರತಿವಿಷದಲ್ಲಿ ಅದೂ ಸೇರಿಲ್ಲ. ವಿಷದ ಪ್ರಮಾಣ ಬಹಳ, ಉಸಿರು ಬೇಗ ನಿಲ್ಲಬಹುದು. ಕೃತಕ ಉಸಿರೇ ಆಧಾರ.

ಹೊಟ್ಟೆ ಉಬ್ಬಿಸುವ ಮೀನು ತಿಂದರೂ ಹೀಗೇ ಆಗುತ್ತದಂತೆ?

ಹೌದು, ಆದರೆ ದಾರಿ ಬೇರೆ. ಪಫರ್ ಮೀನಿನ ಪಿತ್ತಜನಕಾಂಗ, ಮೊಟ್ಟೆಗೊನೆ, ಕರುಳು, ಚರ್ಮದಲ್ಲಿ ಟೆಟ್ರೋಡೋಟಾಕ್ಸಿನ್ ಇರುತ್ತದೆ. ಅದು ಸಂದಿಗೆ ಬರುವ ಮೊದಲೇ, ನರದ ಉದ್ದಕ್ಕೂ ಇರುವ ಸೋಡಿಯಂ ದ್ವಾರಗಳನ್ನು ಹೊರಗಿನಿಂದ ಮುಚ್ಚುತ್ತದೆ. ವಿದ್ಯುತ್ ಅಲೆಯೇ ಹೊರಡುವುದಿಲ್ಲ. ಸ್ಪರ್ಶದ ನರಗಳಿಗೂ ಅದೇ ದ್ವಾರಗಳಾದ್ದರಿಂದ ಇಲ್ಲಿ ಮೊದಲ ಲಕ್ಷಣ ತುಟಿ, ನಾಲಿಗೆ ಜುಮುಗುಟ್ಟಿ ಮರಗಟ್ಟುವುದು. ತಿಂದ ಹತ್ತು ನಿಮಿಷದಿಂದ ಒಂದು ತಾಸಿನೊಳಗೆ ಅದು ಶುರುವಾಗುತ್ತದೆ, ಆಮೇಲೆ ಬೆರಳುಗಳಿಗೆ, ಆಮೇಲೆ ನಿಶ್ಶಕ್ತಿ. ಹಾವಿನ ವಿಷದಲ್ಲಿ ಈ ಮರಗಟ್ಟುವಿಕೆ ಮುಖ್ಯ ಲಕ್ಷಣವಲ್ಲ.

ಈ ವಿಷ ಬೇಯಿಸಿದರೆ ಹೋಗುವುದಿಲ್ಲ. ಹುಣಸೆಹಣ್ಣು, ವಾಟೆಹುಳಿ ಹಾಕಿ ಕುದಿಸಿದರೂ, ಉಪ್ಪು ಹಾಕಿ ಒಣಗಿಸಿದರೂ ನಂಬಬಾರದು. ಒಂದೆರಡು ಮಿಲಿಗ್ರಾಂ ಮನುಷ್ಯನನ್ನು ಕೊಲ್ಲಲು ಸಾಕೆಂದು ಅಂದಾಜು. ಯಾವ ಜಾತಿ, ಯಾವ ಕಾಲ ಎಂಬುದರ ಮೇಲೆ ವಿಷ ಏರುಪೇರಾಗುವುದರಿಂದ ‘ಹೋದ ಸಲ ತಿಂದಿದ್ದೆವು, ಏನೂ ಆಗಲಿಲ್ಲ’ ಎಂಬುದು ಭರವಸೆಯಲ್ಲ. ಇದಕ್ಕೆ ಪ್ರತಿವಿಷವೇ ಇಲ್ಲ. ಒಂದೆರಡು ದಿನ ಯಂತ್ರದ ಉಸಿರು ಕೊಟ್ಟರೆ ವಿಷ ಮೂತ್ರದಲ್ಲಿ ಹೋಗಿ ನರ ತಾನಾಗಿ ಸರಿಯಾಗುತ್ತದೆ. ಬಲೆಗೆ ಬಂದದ್ದನ್ನು ಮೀನುಪೇಟೆಗೆ ತರದೆ ಬಿಸಾಡುವುದು, ಮಕ್ಕಳಿಗೂ ಬೆಕ್ಕಿಗೂ ಸಿಗದಂತೆ ಹೂಳುವುದು ಒಳ್ಳೆಯದು.

ಬಳಚು, ತಿಸ್ರೆ ತಿಂದರೂ ಅಪಾಯವೇ?

ಸಾಮಾನ್ಯ ದಿನಗಳಲ್ಲಿ ಇಲ್ಲ. ಕೆಲವು ಸೂಕ್ಷ್ಮ ಪಾಚಿಗಳು ಸಮುದ್ರದಲ್ಲಿ ವಿಪರೀತ ಹೆಚ್ಚಿದಾಗ ಮಾತ್ರ ಚಿಪ್ಪುಜೀವಿಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಸೇರಿಕೊಳ್ಳುತ್ತದೆ, ಅದೂ ಸೋಡಿಯಂ ದ್ವಾರವನ್ನೇ ಮುಚ್ಚುತ್ತದೆ. 1983ರಲ್ಲಿ ಮಂಗಳೂರು ಕಡೆ ಇಂಥ ಪ್ರಕರಣ ವರದಿಯಾಗಿತ್ತು. ನೀರಿನ ಬಣ್ಣ ಬದಲಾದ ದಿನಗಳಲ್ಲಿ ಆಯುವುದನ್ನು ನಿಲ್ಲಿಸಿ.

ಕಚ್ಚದಂತೆ ಏನು ಮಾಡಬಹುದು?

ಕಟ್ಟುಹಾವಿನ ಮಟ್ಟಿಗೆ ಸೊಳ್ಳೆಪರದೆಯಷ್ಟು ಒಳ್ಳೆಯ ಉಪಾಯ ಬೇರೆ ಇಲ್ಲ. ಇಳಿಬಿಟ್ಟರೆ ಸಾಲದು, ನಾಲ್ಕೂ ಬದಿ ಹಾಸಿಗೆಯ ಅಡಿಗೆ ಸೇರಿಸಬೇಕು. ಮಂಚವಿದ್ದರೆ ಹೊದಿಕೆ ನೆಲಕ್ಕೆ ಜೋಲದಿರಲಿ. ಬಚ್ಚಲ ಒಲೆಯ ಸೌದೆ, ಕೊಟ್ಟಿಗೆಗೆ ತಂದ ಸೊಪ್ಪು, ದರಕಿನ ರಾಶಿ, ಅಡಿಕೆ ಸಿಪ್ಪೆಯ ಗುಡ್ಡೆ ಮಲಗುವ ಕೋಣೆಯ ಗೋಡೆಗೆ ತಾಗಿರಬಾರದು. ಸೌದೆ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ. ದರಕು ಗುಡಿಸುವಾಗ, ಹುಲ್ಲು ಕೊಯ್ಯುವಾಗ ಗಂಬೂಟು ಹಾಕಿ. ರಾತ್ರಿ ಅಂಗಳಕ್ಕೆ ಇಳಿದರೂ ಟಾರ್ಚ್ ಇರಲಿ. ಇಲಿ ಕಡಿಮೆಯಾದರೆ ಹಾವೂ ಕಡಿಮೆ: ಭತ್ತದ ಕಣಜದ ಬಾಯಿ ಮುಚ್ಚಿ, ಗೋಡೆಯ ಬಿಲ ಮಣ್ಣು ಕಲಸಿ ತುಂಬಿ.

ಏನೂ ಆಗಿಲ್ಲವೆಂದು ಎಷ್ಟು ಹೊತ್ತಿಗೆ ಮನೆಗೆ ಬರಬಹುದು?

ಲಕ್ಷಣವೇ ಇಲ್ಲದಿದ್ದರೂ 24 ತಾಸು ಆಸ್ಪತ್ರೆಯಲ್ಲೇ ಇರಬೇಕು. ಕಟ್ಟುಹಾವಿನ ಲಕ್ಷಣ ತಡವಾಗಿ ಕಾಣಿಸಿಕೊಳ್ಳುವುದುಂಟು. ಪ್ರತಿವಿಷ ಪಡೆದವರಿಗೆ ಐದರಿಂದ ಹದಿನಾಲ್ಕು ದಿನಗಳ ನಡುವೆ ಜ್ವರ, ಕೀಲುನೋವು, ತುರಿಕೆ ಬಂದರೆ ಅದು ಕುದುರೆಯ ಪ್ರೋಟೀನಿಗೆ ಮೈ ತೋರುವ ಪ್ರತಿಕ್ರಿಯೆ. ವಿಷ ಮತ್ತೆ ಏರಿದ್ದಲ್ಲ, ಔಷಧದಿಂದ ಇಳಿಯುತ್ತದೆ. ಬಿಡುಗಡೆಯ ಚೀಟಿಯಲ್ಲಿ ಎಷ್ಟು ವಾಯಲ್ ಕೊಟ್ಟರು, ಅಲರ್ಜಿ ಬಂದಿತ್ತೇ ಎಂಬುದನ್ನು ಬರೆಸಿಕೊಂಡು ಜೋಪಾನವಾಗಿಡಿ. ಮುಂದೊಮ್ಮೆ ಬೇಕಾದರೆ ವೈದ್ಯರು ಮೊದಲು ಕೇಳುವುದು ಅದನ್ನೇ.